ಅಳಿಯನ ಪಾಲು

ನಮ್ಮ ತುಳುನಾಡಿನ ಹಳೆಯ ಕಟ್ಟುಕಟ್ಟಳೆಗಳಲ್ಲಿ ಘಟ್ಟದ ಮೇಲಿನ ಬಂಧುಗಳಿಗೆ ಅತ್ಯಂತ ವಿಚಿತ್ರವಾಗಿ ತೋರುವಂಥದು ಅಳಿಯಸಂತಾನ. ತಂದೆಯ ಆಸ್ತಿ ಮಗನಿಗೆ ಬರುವುದು ಲೋಕದ ರೂಢಿ. ನಮ್ಮಲ್ಲಿ ಅನೇಕ ಸಮುದಾಯಗಳೊಳಗೆ ಅದು ಮಾವನಿಂದ ಅಳಿಯನಿಗೆ, ಎಂದರೆ ಸೋದರಿಯ ಮಗನಿಗೆ ಇಳಿಯುತ್ತಿತ್ತು. ಇದಕ್ಕೊಂದು ಐತಿಹ್ಯವೂ ಉಂಟು. ಕುಂಡೋದರನೆಂಬ ಭೂತರಾಜನು ಅರಸನಾದ ದೇವಪಾಂಡ್ಯನೊಡನೆ ನರಬಲಿಯನ್ನು ಕೇಳಿದನಂತೆ. ಅರಸನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲೊಪ್ಪಲಿಲ್ಲ. ತಂಗಿ ಸತ್ಯವತಿಯು ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಲು ಮುಂದಾದಳು. ಭೂತವು ಪ್ರಸನ್ನಗೊಂಡು ಬಾಲಕನನ್ನು ಬಿಟ್ಟಿತು. ಅವನೇ ಭೂತಾಳಪಾಂಡ್ಯನೆಂದು ಹೆಸರಾಗಿ, ಇನ್ನು ಮುಂದೆ ಆಸ್ತಿ ಸೋದರಿಯ ಸಂತಾನಕ್ಕೇ ಸೇರತಕ್ಕದ್ದೆಂದು ಕಟ್ಟುಮಾಡಿದನು. ಕಥೆಯ ಸತ್ಯಾಸತ್ಯ ಏನೇ ಇರಲಿ, ಅದರ ತಿರುಳು ಒಂದೇ: ಬಲಿಗೆ ಮಗನನ್ನು ತಂದವಳು ಸೋದರಿ, ಆದಕಾರಣ ಫಲವೂ ಅವಳ ಮಗನಿಗೆ.

೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ, ಇವುಗಳ ತರುವಾಯ ಆ ಕಟ್ಟು ಕ್ರಮಕ್ರಮವಾಗಿ ಸಡಿಲಿತು. ಈಗಿನ ಮಕ್ಕಳಿಗೆ ಅದು ದಾಯಭಾಗದ ವ್ಯಾಜ್ಯಗಳಲ್ಲಿ ಕೇಳಿಬರುವ ಒಂದು ಹೆಸರು, ಅಷ್ಟೆ. ಆದರೆ ಕಾರ್ಕಳದ ಮಗ್ಗುಲಿನ ಈ ಕುಕ್ಕುಂದೂರಿನಲ್ಲಿರುವ ನಮ್ಮ ಮನೆಯಲ್ಲಿ ಒಂದೇ ಒಂದು ಸೊತ್ತು ಇಂದಿಗೂ ಭೂತಾಳಪಾಂಡ್ಯನ ಆಜ್ಞೆಗೆ ತಪ್ಪದೆ ನಡೆದುಕೊಂಡು ಬರುತ್ತಿದೆ. ಅಜ್ಜಿಯ ಕೈಯಿಂದ ಅದು ನನ್ನ ಸೋದರಮಾವನಿಗೆ ಬಂತು. ನನ್ನ ತಾಯಿಯಿಂದ ಅಕ್ಕನಿಗೆ, ಅಕ್ಕನಿಂದ ಅವಳ ಮಗನಿಗೆ, ಎಂದರೆ ನನ್ನ ಅಳಿಯನಿಗೆ ಬಂತು. ನನಗೆ ಬರಬಹುದಾಗಿತ್ತು, ಬರಲಿಲ್ಲ. ಅದು ಗದ್ದೆಯೂ ಅಲ್ಲ, ಅಡಿಕೆತೋಟವೂ ಅಲ್ಲ. ಅದರ ಹೆಸರು ಹಿಮೋಫಿಲಿಯಾ.

ಕನ್ನಡದಲ್ಲಿ ಇದನ್ನು ಕುಸುಮರೋಗವೆಂದು ಕರೆಯುವ ವಾಡಿಕೆ ಇದೆ. ರೋಗಕ್ಕೆ ಇಷ್ಟು ಕೋಮಲವಾದ ಹೆಸರೇ ಎಂದು ಯಾರಿಗಾದರೂ ಅನಿಸಬಹುದು. ಹೂವಿನಂತೆ, ಮುಟ್ಟಿದರೆ ನಲುಗುವ ಮೈ ಎಂಬ ಭಾವ ಅದರಲ್ಲಿ ನನಗೆ ಕಾಣಿಸುತ್ತದೆ. ನನಗೆ ಇದಕ್ಕಿಂತಲೂ ಹಿಡಿಸುವ ಶಬ್ದ ಇನ್ನೊಂದಿದೆ: ಹೆಪ್ಪು. ಹಾಲಿಗೆ ಹಾಕುವುದೂ ಹೆಪ್ಪು, ಗಾಯದ ಬಾಯಲ್ಲಿ ರಕ್ತ ಗಟ್ಟಿಯಾಗುವುದೂ ಹೆಪ್ಪುಗಟ್ಟುವುದೇ. ರಕ್ತ ಹೆಪ್ಪುಗಟ್ಟಬೇಕಾದರೆ ಹತ್ತಾರು ಪ್ರೋಟೀನುಗಳು ಒಂದನ್ನೊಂದು ಎಬ್ಬಿಸುತ್ತ ಸಾಲಾಗಿ ಕೆಲಸ ಮಾಡಬೇಕು. ಆ ಸಾಲಿನಲ್ಲಿ ಎಂಟನೆಯ ಅಂಶವು ಇಲ್ಲದಿದ್ದರೆ ಎ ಬಗೆಯ ಹಿಮೋಫಿಲಿಯಾ. ಒಂಬತ್ತನೆಯದು ಇಲ್ಲದಿದ್ದರೆ ಬಿ ಬಗೆಯದು. ಎ ಬಗೆಯದು ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು ೫,೦೦೦ಕ್ಕೆ ಒಬ್ಬನಿಗೆ ಬರುತ್ತದೆ. ಜನರು ಊಹಿಸುವಂತೆ ಚಿಕ್ಕ ಗೀರುಗಾಯದಿಂದ ಇವರು ಸಾಯುವುದಿಲ್ಲ. ಹೊರಗೆ ಕಾಣುವ ರಕ್ತಕ್ಕಿಂತ ಒಳಗೆ, ಮೊಣಕಾಲು, ಮೊಣಕೈ, ಹರಡುಗಳ ಕೀಲುಗಳೊಳಗೆ ತಾನಾಗಿ ಸುರಿಯುವ ರಕ್ತವೇ ಇವರ ಶತ್ರು. ಕೀಲು ಊದಿ, ಬಿಸಿಯೇರಿ, ನೋವಿನಿಂದ ರಾತ್ರಿಯೆಲ್ಲ ನರಳಿಸಿ, ಅನೇಕ ಸಲ ಹೀಗಾದ ಮೇಲೆ ಸವೆದು ಹೋಗುತ್ತದೆ.

ನನ್ನ ಸೋದರಮಾವನನ್ನು ನಾನು ನೋಡಲಿಲ್ಲ. ಅವನು ೧೯೭೧ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಎಡಮೊಣಕಾಲು ಮಡಿಸಲಾರದ ಹುಡುಗ. ಶಾಲೆಗೆ ನಡೆಯಲಾರದ ದಿನಗಳಲ್ಲಿ ಜಗಲಿಯ ಮೇಲೆ ಕುಳಿತು ತಂಗಿಗೆ, ಎಂದರೆ ನನ್ನ ತಾಯಿಗೆ, ಮಗ್ಗಿ ಹೇಳಿಕೊಡುತ್ತಿದ್ದನಂತೆ. ಒಂದು ಹಲ್ಲು ಕೀಳಿಸಿದ್ದೇ ನೆಪವಾಯಿತು. ರಕ್ತ ಮೂರು ದಿನ ನಿಲ್ಲಲಿಲ್ಲ. ನಾಲ್ಕನೆಯ ದಿನ ಬಾಡಿಗೆ ಮೋಟಾರು ಗೊತ್ತುಮಾಡಿ ದೊಡ್ಡ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಎಲ್ಲ ಮುಗಿಯಿತು. ಆಗ ಹನ್ನೊಂದು ವರ್ಷದವಳಾಗಿದ್ದ ನನ್ನ ತಾಯಿ ಅಂದಿನ ಬಗೆಗೆ ಹೇಳುವುದು ಒಂದೇ ಮಾತು: ಮನೆಯ ಬಿಳಿಯ ಬಟ್ಟೆಗಳೆಲ್ಲ ಮುಗಿದುಹೋಗಿದ್ದವು.

ಅವನ ಮರಣಕ್ಕಿಂತ ಹೆಚ್ಚು ಕಾಲ ನಮ್ಮ ಮನೆಯಲ್ಲಿ ಉಳಿದದ್ದು ಅದರ ಕಾರಣದ ಕುರಿತ ಮಾತು. ಪ್ರಶ್ನೆ ಇಡಿಸಿದರು. ನಾಗನಿಗೆ ತಂಬಿಲ, ದೈವಕ್ಕೆ ಕೋಲ ನಡೆದುವು. ಅಜ್ಜಿ ಅತ್ತೂರಿನ ಸಾಂತ್‌ಮಾರಿಗೂ ಹೋಗಿ ಮೋಂಬತ್ತಿ ಹಚ್ಚಿ ಬಂದಳು. ನಮ್ಮ ಕಡೆಯಲ್ಲಿ ಕಷ್ಟ ಬಂದಾಗ ದೇವರ ಜಾತಿಯನ್ನು ಯಾರೂ ಕೇಳುವುದಿಲ್ಲ. ಕೊನೆಗೆ ಹಿರಿಯರೆಲ್ಲ ಸೇರಿ ಕಂಡುಕೊಂಡದ್ದು, ದೋಷ ಹೆಣ್ಣಿನದು ಎಂದು. ಅಜ್ಜಿಯ ಸೋದರಮಾವನೊಬ್ಬನೂ ಹೀಗೆಯೇ ಚಿಕ್ಕಂದಿನಲ್ಲಿ ಹೋಗಿದ್ದನೆಂಬ ನೆನಪನ್ನು ಯಾರೋ ಎತ್ತಿದರು. ಅದರಿಂದ ದೋಷ ಇನ್ನಷ್ಟು ಸ್ಥಿರಪಟ್ಟಿತು. ಸಂತಾನಕ್ಕೆ ಹೆಣ್ಣೇ ಬೇರೆಂದು ಗೌರವಿಸುತ್ತಿದ್ದ ಕುಟುಂಬವು, ಬೇರಿನಲ್ಲಿ ಹುಳವಿದೆ ಎಂದು ಅದೇ ನಾಲಗೆಯಿಂದ ಹೇಳಿತು. ಅಜ್ಜಿ ಮರುಮಾತಾಡಲಿಲ್ಲ. ಆದರೆ ಮದುವೆ ಮುಂಜಿಗಳಲ್ಲಿ ಬಸುರಿಯರ ಮುಂದೆ ಹೋಗುವುದನ್ನು ಅವಳು ಬಿಟ್ಟಳು. ೨೦೦೪ರಲ್ಲಿ ಅವಳು ತೀರಿಕೊಳ್ಳುವವರೆಗೆ ಆ ರೋಗಕ್ಕೊಂದು ಹೆಸರಿದೆಯೆಂಬುದು ಅವಳಿಗೆ ತಿಳಿಯಲಿಲ್ಲ.

ಹೆಸರು ತಿಳಿದದ್ದು ೨೦೧೨ರಲ್ಲಿ ಹುಟ್ಟಿದ ನನ್ನ ಅಳಿಯನ ದೆಸೆಯಿಂದ. ಅಂಬೆಗಾಲಿಡುವ ಹೊತ್ತಿಗೆ ಅವನ ಮೊಣಕಾಲುಗಳ ಮೇಲೆ ನೇರಳೆಹಣ್ಣಿನ ಬಣ್ಣದ ಕಲೆಗಳು ಮೂಡಿದುವು. ತಾಯಿ ಒಮ್ಮೆ ನೋಡಿದವಳೇ ಒಳಗೆ ಹೋಗಿ ಕುಳಿತಳು. ಪರೀಕ್ಷೆಯಲ್ಲಿ ಎಂಟನೆಯ ಅಂಶವು ನೂರಕ್ಕೆ ಒಂದಕ್ಕಿಂತಲೂ ಕಡಮೆ ಎಂದು ತಿಳಿಯಿತು. ಕಾಲ ಬದಲಾಗಿತ್ತು. ಕೊರತೆಯಾದ ಅಂಶವನ್ನೇ ಪುಡಿಯ ರೂಪದಲ್ಲಿ ಸೀಸೆಯಲ್ಲಿಟ್ಟು, ಬೇಕಾದಾಗ ನೀರಿನಲ್ಲಿ ಕಲಸಿ ರಕ್ತನಾಳಕ್ಕೆ ಚುಚ್ಚುವ ಏರ್ಪಾಡು ಬಂದಿತ್ತು. ನಮ್ಮ ರಾಜ್ಯದ ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿಯೂ ದೊರೆಯುತ್ತದೆ. ಇಂಥ ಅನುಕೂಲಗಳ ಹಿಂದೆ ಎಷ್ಟೋ ಜನರ ಓಡಾಟವಿದೆ. ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರು ಸ್ವತಃ ಹಿಮೋಫಿಲಿಯಾದೊಡನೆ ಬಾಳುತ್ತಿರುವ ವೈದ್ಯರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ಅವರು ಈ ರೋಗಿಗಳ ದನಿಯಾದರು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹಿಮೋಫಿಲಿಯಾಕ್ಕೂ ಒಂದು ಸ್ಥಾನ ದೊರಕಿತು.

ಆದರೂ ಇದು ನೆರೆಮನೆಯಿಂದ ತರುವ ಹೆಪ್ಪಿನಂತೆ. ಚುಚ್ಚಿದ ಅಂಶವು ಸುಮಾರು ಹನ್ನೆರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿದುಬಿಡುತ್ತದೆ. ರಕ್ತ ಸುರಿಯುವುದನ್ನು ಮೊದಲೇ ತಡೆಯಬೇಕಾದರೆ ವಾರಕ್ಕೆ ಎರಡು ಮೂರು ಸಲ ಚುಚ್ಚುತ್ತಲೇ ಇರಬೇಕು. ಒಂದು ಮಳೆಗಾಲದಲ್ಲಿ ನಾವು ಹೋದ ಆಸ್ಪತ್ರೆಯಲ್ಲಿ ದಾಸ್ತಾನು ಮುಗಿದು, ಹನ್ನೊಂದು ದಿನ ಅವನ ಕಾಲು ತಲೆದಿಂಬಿನ ಮೇಲೆಯೇ ಇತ್ತು. ನಮ್ಮ ಮನೆಯದೇ ಆದ ಹೆಪ್ಪು ಇದ್ದರೆ ಎಂಬ ಆಸೆ ಯಾವ ತಾಯಿಗೆ ಹುಟ್ಟದು? ವಂಶವಾಹಿ ಚಿಕಿತ್ಸೆಯೆಂಬುದು ಈ ಆಸೆಗೆ ವಿಜ್ಞಾನ ಕೊಡಹೊರಟ ಉತ್ತರ.

ಅದನ್ನು ಹೇಳುವ ಮೊದಲು ರೋಗ ಇಳಿಯುವ ದಾರಿಯನ್ನು ತಿಳಿಸಬೇಕು. ಎಂಟನೆಯ ಅಂಶವನ್ನು ತಯಾರಿಸುವ ಆದೇಶವು ಎಕ್ಸ್ ಎಂಬ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎಕ್ಸ್ ಎರಡು. ಒಂದು ಕೆಟ್ಟರೆ ಇನ್ನೊಂದು ಸಾಮಾನ್ಯವಾಗಿ ಸಂಸಾರ ತೂಗಿಸುತ್ತದೆ. ಗಂಡಿಗೆ ಒಂದೇ, ಅದೂ ತಾಯಿಯಿಂದ ಬಂದದ್ದು. ಹೀಗೆ ರೋಗವನ್ನು ಹೊತ್ತ ತಾಯಿಯ ಗಂಡುಮಕ್ಕಳಲ್ಲಿ ಪ್ರತಿಯೊಬ್ಬನಿಗೂ ರೋಗ ಬರುವ ಸಂಭವ ಅರ್ಧಕ್ಕರ್ಧ. ಹೆಣ್ಣುಮಕ್ಕಳಲ್ಲಿ ಪ್ರತಿಯೊಬ್ಬಳೂ ಅದನ್ನು ಹೊರುವ ಸಂಭವ ಅರ್ಧಕ್ಕರ್ಧ. ರೋಗಿಯಾದ ಗಂಡಸಿನಿಂದ ಅವನ ಮಗನಿಗೆ ಇದು ಬಾರದು. ಇಲ್ಲಿಯವರೆಗೆ ಅಳಿಯಸಂತಾನದ ಶಾಸ್ತ್ರವೇ. ಆದರೆ ಮುಂದೆ ದಾರಿ ಕವಲೊಡೆಯುತ್ತದೆ: ಅವನ ಹೆಣ್ಣುಮಕ್ಕಳೆಲ್ಲರೂ ತಪ್ಪದೆ ಅದನ್ನು ಹೊರುತ್ತಾರೆ. ನಮ್ಮ ಕಟ್ಟು ಗಂಡಸಿನ ಮಗಳಿಗೆ ಏನನ್ನೂ ಕೊಡುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ರೋಗವು ಭೂತಾಳಪಾಂಡ್ಯನಿಗಿಂತ ಉದಾರಿ.

ನಾನು ಕಲಿಸುವ ವಿಷಯ ಕನ್ನಡ. ವಿಜ್ಞಾನದ ಮಾತು ನನಗೆ ಹಳಗನ್ನಡದ ದಾರಿಯಿಂದಲೇ ಹತ್ತಬೇಕು. ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಓದಿದವರಿಗೆ ಓಲೆಗರಿಯ ಪ್ರತಿಗಳ ಕಷ್ಟ ಗೊತ್ತು. ಲಿಪಿಕಾರನು ಒಂದು ಅಕ್ಷರ ತಪ್ಪಿದರೆ ಮುಂದಿನ ಪ್ರತಿಗಳೆಲ್ಲ ಆ ತಪ್ಪನ್ನೇ ಭಕ್ತಿಯಿಂದ ಬರೆಯುತ್ತವೆ. ಕೆಲವೊಮ್ಮೆ ಅಕ್ಷರವೆಲ್ಲ ಸರಿಯಾಗಿದ್ದು, ಕಟ್ಟುವವನು ನಡುವಣ ಒಂದು ಹಿಡಿ ಗರಿಗಳನ್ನು ತಿರುವುಮುರುವಾಗಿ ಪೋಣಿಸಿರುತ್ತಾನೆ, ಓದಿದರೆ ಅರ್ಥವಾಗುವುದಿಲ್ಲ. ತೀವ್ರ ರೂಪದ ಎ ಹಿಮೋಫಿಲಿಯಾದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನರಿಗೆ ಆಗಿರುವುದು ಇದೇ: ಎಂಟನೆಯ ಅಂಶದ ಆದೇಶದ ಒಂದು ದೊಡ್ಡ ಭಾಗ ಮಗುಚಿಕೊಂಡಿರುತ್ತದೆ. ನನ್ನ ಅಳಿಯನ ಪರೀಕ್ಷೆಯ ವರದಿಯಲ್ಲಿ ಕಂಡದ್ದೂ ಇದುವೇ.

ಈ ಮಗುಚುವಿಕೆ ಮೊದಲಿಗೆ ಎಲ್ಲಿ ಆಗುತ್ತದೆಂಬುದನ್ನು ವಿಜ್ಞಾನಿಗಳು ೧೯೯೦ರ ದಶಕದಲ್ಲಿ ಪತ್ತೆಹಚ್ಚಿದರು. ಹೆಣ್ಣಿನ ದೇಹದಲ್ಲಿ ಅಂಡಾಣು ಸಿದ್ಧವಾಗುವಾಗ ಎರಡು ಎಕ್ಸ್‌ಗಳು ಜೋಡಿಯಾಗಿ ನೇರ ನಿಲ್ಲುತ್ತವೆ. ಒಂದು ಇನ್ನೊಂದಕ್ಕೆ ಊರುಗೋಲು. ಗಂಡಿನಲ್ಲಿ ಎಕ್ಸ್ ಒಂಟಿ. ಜೊತೆಯಿಲ್ಲದ ಅದು ತನ್ನ ಮೇಲೆ ತಾನೇ ಮಡಚಿಕೊಳ್ಳುವುದು ಸುಲಭ. ಆದ್ದರಿಂದ ಈ ತಪ್ಪು ಬಹುತೇಕ ಗಂಡಿನ ಬೀಜದಲ್ಲಿಯೇ ಹುಟ್ಟುತ್ತದೆ. ತಾನು ಯಾವ ಬಾಧೆಯನ್ನೂ ಪಡದ ಒಬ್ಬ ತಂದೆ ಅದನ್ನು ಮಗಳಿಗೆ ಕೊಡುತ್ತಾನೆ. ಅವಳಿಂದ ಮುಂದೆ ಅದು ಹರಿಯುತ್ತದೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ. ಅಜ್ಜಿಯ ತಲೆಯ ಮೇಲೆ ಹೊರಿಸಿದ ದೋಷವು ಮೂಲದಲ್ಲಿ ಯಾವನೋ ಒಬ್ಬ ಗಂಡಸಿನ ಬೀಜದಲ್ಲಿ, ಅವನಿಗೂ ತಿಳಿಯದೆ, ಒಂದು ಕ್ಷಣದಲ್ಲಿ ಆದ ಮಡಿಕೆ. ಅವನು ಯಾರೆಂದು ಹುಡುಕಹೊರಟರೆ ಅದೂ ಸಾಧ್ಯವಿಲ್ಲ. ನಮ್ಮ ವಂಶಾವಳಿಯಲ್ಲಿರುವುದು ತಾಯಂದಿರು, ಅವರ ಸೋದರರು, ಅವರ ಮಕ್ಕಳು. ಬೇರೆ ಬಳಿಯಿಂದ ಬಂದ ಗಂಡಂದಿರ ಹೆಸರುಗಳನ್ನು ನಮ್ಮ ಹಿರಿಯರು ಬರೆದಿಡುತ್ತಲೇ ಇರಲಿಲ್ಲ!

ಇನ್ನು ಚಿಕಿತ್ಸೆಯ ವಿಚಾರ. ಕೆಟ್ಟ ಓಲೆಯನ್ನು ತಿದ್ದುವುದು ಕಷ್ಟ. ಶುದ್ಧಪಾಠದ ಇನ್ನೊಂದು ಓಲೆಯನ್ನು ಕಟ್ಟಿನೊಳಗೆ ಸೇರಿಸಿದರೆ ಸಾಕಲ್ಲವೆ? ಇದೇ ವಂಶವಾಹಿ ಚಿಕಿತ್ಸೆಯ ಮೂಲ ಉಪಾಯ. ಓಲೆಯನ್ನು ಜೀವಕೋಶದೊಳಗೆ ಒಯ್ಯುವ ಅಂಚೆಯಾಳಾಗಿ ವೈರಸ್ಸನ್ನು ಹಿಡಿದರು. ಏಕೆಂದರೆ ಪರರ ಮನೆಯೊಳಗೆ ನುಗ್ಗುವುದರಲ್ಲಿ ಅದಕ್ಕೆ ಸರಿಸಾಟಿ ಇಲ್ಲ. ಅದರ ವಿಷದ ಹಲ್ಲನ್ನು ಕಿತ್ತು, ಬೆನ್ನಿಗೆ ಬೇಕಾದ ಓಲೆಯನ್ನು ಕಟ್ಟಿ ಕಳುಹಿಸುತ್ತಾರೆ. ೧೯೯೦ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ರೋಗನಿರೋಧ ಶಕ್ತಿಯಿಲ್ಲದೆ ಹುಟ್ಟಿದ ನಾಲ್ಕು ವರ್ಷದ ಬಾಲಕಿಗೆ ಅಧಿಕೃತ ಒಪ್ಪಿಗೆಯೊಡನೆ ಈ ಚಿಕಿತ್ಸೆ ಮೊದಲಾಯಿತು. ೧೯೯೯ರಲ್ಲಿ ಫಿಲಡೆಲ್ಫಿಯಾದಲ್ಲಿ ಹದಿನೆಂಟು ವರ್ಷದ ತರುಣನೊಬ್ಬನು ಇಂಥ ಪ್ರಯೋಗದಲ್ಲೇ ಸತ್ತನು. ಫ್ರಾನ್ಸಿನಲ್ಲಿ ಗುಣವಾದ ಮಕ್ಕಳಲ್ಲಿ ಕೆಲವರಿಗೆ ಹೊಸ ಓಲೆ ಸೇರಬಾರದ ಜಾಗದಲ್ಲಿ ಸೇರಿ ರಕ್ತದ ಕ್ಯಾನ್ಸರು ಹತ್ತಿತು. ಇಷ್ಟೆಲ್ಲ ಬೆಲೆ ತೆತ್ತ ಮೇಲೆಯೇ ವಿದ್ಯೆಗೆ ಪಕ್ವತೆ ಬಂದದ್ದು.

ಪಶ್ಚಿಮದಲ್ಲಿ ಹಿಮೋಫಿಲಿಯಾಕ್ಕೆ ಬಂದ ಮೊದಲ ಔಷಧಗಳು ಓಲೆಯನ್ನು ಯಕೃತ್ತಿಗೆ ಕಳುಹಿಸುವಂಥವು. ಒಂದೇ ಸಲ ರಕ್ತನಾಳಕ್ಕೆ ಹನಿಸಿದರಾಯಿತು. ಬಿ ಬಗೆಗೆ ಹೆಮ್‌ಜೆನಿಕ್ಸ್ ಎಂಬುದು ೨೦೨೨ರ ನವೆಂಬರಿನಲ್ಲಿ, ಎ ಬಗೆಗೆ ರೋಕ್ಟೇವಿಯನ್ ಎಂಬುದು ೨೦೨೩ರ ಜೂನಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದುವು. ಮೊದಲನೆಯದರ ಬೆಲೆ ೩೫ ಲಕ್ಷ ಡಾಲರು. ನಮ್ಮ ಲೆಕ್ಕದಲ್ಲಿ ಸುಮಾರು ೩೦ ಕೋಟಿ ರೂಪಾಯಿ. ಕಾರ್ಕಳದ ಗೊಮ್ಮಟನೂ ಒಮ್ಮೆ ಕೆಳಗೆ ನೋಡಬೇಕಾದ ಬೆಲೆ! ಅದೇ ಬಿ ಬಗೆಗೆ ಇನ್ನೊಂದು ದೊಡ್ಡ ಕಂಪೆನಿ ೨೦೨೪ರಲ್ಲಿ ಅನುಮತಿ ಪಡೆದ ಔಷಧವನ್ನು, ಕೊಳ್ಳುವವರಿಲ್ಲದೆ, ೨೦೨೫ರ ಆರಂಭದಲ್ಲಿ ಮಾರುವುದನ್ನೇ ಬಿಟ್ಟುಬಿಟ್ಟಿತು. ಬೆಲೆ ಮಾತ್ರವಲ್ಲ, ಎಂಟನೆಯ ಅಂಶದ ಮಟ್ಟ ವರುಷ ಕಳೆದಂತೆ ಇಳಿಯುವುದೂ ಕಂಡುಬಂದಿದೆ. ಆ ವೈರಸ್ಸಿನ ಜಾತಿಗೆ ಮೊದಲೇ ಪ್ರತಿರೋಧ ಬೆಳೆಸಿಕೊಂಡ ದೇಹಗಳಿಗೆ ಅದು ಸಲ್ಲುವುದೂ ಕಷ್ಟ.

ಇಂಥ ಹೊತ್ತಿನಲ್ಲಿ ನಮ್ಮ ಮಗ್ಗುಲಿನಿಂದ ಒಂದು ಸುದ್ದಿ ಬಂತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾದ ಆಕರಕೋಶ ಸಂಶೋಧನ ಕೇಂದ್ರವಿದೆ. ಅಲ್ಲಿ ಡಾ. ಅಲೋಕ್ ಶ್ರೀವಾಸ್ತವ ಮತ್ತು ಸಂಗಡಿಗರು, ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಬೇರೊಂದು ಹಾದಿ ಹಿಡಿದರು. ರೋಗಿಯ ರಕ್ತವನ್ನು ಹುಟ್ಟಿಸುವ ಆಕರಕೋಶಗಳನ್ನೇ ಹೊರತೆಗೆದು, ಪ್ರಯೋಗಶಾಲೆಯಲ್ಲಿ ಅವುಗಳೊಳಗೆ ಹೊಸ ಓಲೆಯನ್ನು ಸೇರಿಸಿ, ಮತ್ತೆ ಅವನ ದೇಹಕ್ಕೆ ಹಿಂದಿರುಗಿಸುವುದು. ಅವು ಮಜ್ಜೆಯಲ್ಲಿ ನೆಲೆನಿಂತು ತಾವು ಹುಟ್ಟಿಸುವ ರಕ್ತಕೋಶಗಳ ಮೂಲಕವೇ ಎಂಟನೆಯ ಅಂಶವನ್ನು ಕೊಡುತ್ತವೆ. ಸುಲಭದ ಮಾತಲ್ಲ, ಹೊಸಬರಿಗೆ ಜಾಗ ಮಾಡಲು ಹಳೆಯ ಮಜ್ಜೆಯನ್ನು ಕಡು ಔಷಧದಿಂದ ತೆರವುಮಾಡಬೇಕು, ಕೆಲವು ವಾರ ಜೋಪಾನವಾಗಿ ಕಾಯಬೇಕು. ೨೦೨೪ರ ಡಿಸೆಂಬರಿನಲ್ಲಿ ಪ್ರಕಟವಾದ ವರದಿಯಂತೆ, ೨೨ರಿಂದ ೪೧ ವರುಷದೊಳಗಿನ ಐವರು ಗಂಡಸರಿಗೆ ಈ ಚಿಕಿತ್ಸೆಯಾಯಿತು. ಆ ಬಳಿಕ ಅವರನ್ನು ಗಮನಿಸಿದ ಅವಧಿಗಳನ್ನೆಲ್ಲ ಕೂಡಿಸಿದರೆ ೮೧ ತಿಂಗಳು. ಅಷ್ಟೂ ಕಾಲದಲ್ಲಿ ಒಬ್ಬನಿಗೂ ಒಮ್ಮೆಯೂ ರಕ್ತಸ್ರಾವವಾಗಲಿಲ್ಲ.

ಇದರಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದು. ಈ ಐವರಿಗೆ ಓಲೆ ಒಯ್ದ ಅಂಚೆಯಾಳು ಏಡ್ಸ್ ತರುವ ಎಚ್.ಐ.ವಿ. ವೈರಸ್ಸಿನಿಂದಲೇ ಮಾಡಿದ್ದು, ನಿರಪಾಯಗೊಳಿಸಿದ್ದು. ೧೯೮೦ರ ದಶಕದ ಆರಂಭದಲ್ಲಿ ದಾನಿಗಳ ರಕ್ತದಿಂದ ತಯಾರಿಸಿದ ಅಂಶದ ಮೂಲಕ ಇದೇ ವೈರಸ್ಸು ಹಿಮೋಫಿಲಿಯಾ ರೋಗಿಗಳ ಮನೆಗಳನ್ನು ಹೊಕ್ಕಿತ್ತು. ಅಮೆರಿಕವೊಂದರಲ್ಲೇ ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸೋಂಕು ತಗಲಿತು. ಒಂದು ಪೀಳಿಗೆಯನ್ನು ಕೊಂದ ಹಂತಕನನ್ನು ಹಿಡಿದು, ಪಳಗಿಸಿ, ಮುಂದಿನ ಪೀಳಿಗೆಯ ಬಾಗಿಲಿಗೆ ಔಷಧ ಹೊರಿಸಿ ಕಳುಹಿಸಿದ್ದು ಮನುಷ್ಯನ ಸಾಹಸಗಳಲ್ಲಿ ಸಾಮಾನ್ಯವಾದುದಲ್ಲ.

ಅಕ್ಕನಿಗೆ ಇದನ್ನೆಲ್ಲ ಕನ್ನಡದಲ್ಲಿ ಓದಿಹೇಳಿದೆ. ಅವಳು ಕೇಳಿದ್ದು ಒಂದೇ: “ಇವನನ್ನು ಯಾವಾಗ ಕರೆದುಕೊಂಡು ಹೋಗುವುದು?” ಆ ಪ್ರಯೋಗ ವಯಸ್ಕರದು; ಅಳಿಯನಿಗೆ ಈಗ ಹದಿಮೂರು. ಐವರೆಂದರೆ ಐವರೇ; ಔಷಧವೆಂದು ಎಲ್ಲರಿಗೂ ಕೊಡುವ ಮೊದಲು ಇನ್ನೂ ಹಲವರಲ್ಲಿ, ಹಲವು ವರ್ಷ ನೋಡಬೇಕು. ಈ ನಡುವೆ ಎಮಿಸಿಜುಮಾಬ್ ಎಂಬ ಬೇರೊಂದು ಔಷಧವೂ ಬಂದಿದೆ. ಚರ್ಮದ ಕೆಳಗೆ ವಾರಕ್ಕೋ ತಿಂಗಳಿಗೋ ಒಮ್ಮೆ ಚುಚ್ಚಿದರೆ ಎಂಟನೆಯ ಅಂಶದ ಕೆಲಸವನ್ನು ಅದು ನಿಭಾಯಿಸುತ್ತದೆ. ಬೆಲೆ ಅದಕ್ಕೂ ಹೆಚ್ಚು. ಆದರೆ ನಮ್ಮ ನೆಲದಲ್ಲೇ ತಯಾರಾದರೆ ಬೆಲೆ ಇಳಿಯುತ್ತದೆಂಬುದಕ್ಕೆ ಒಂದು ದೃಷ್ಟಾಂತವಿದೆ. ರಕ್ತದ ಕ್ಯಾನ್ಸರಿಗೆ ರೋಗಿಯ ಕೋಶಗಳನ್ನೇ ತಿದ್ದಿ ಕೊಡುವ ಚಿಕಿತ್ಸೆಯೊಂದನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳು ಸೇರಿ ರೂಪಿಸಿದುವು. ೨೦೨೩ರಲ್ಲಿ ಅನುಮತಿ ಪಡೆದ ಅದು ಅಮೆರಿಕದ ಬೆಲೆಯ ಒಂದು ಸಣ್ಣ ಪಾಲಿಗೆ ದೊರೆಯುವಂತಾಗಿದೆ.

ಅಳಿಯನ ಪ್ರಶ್ನೆ ತಾಯಿಯದಕ್ಕಿಂತ ಹರಿತವಾಗಿತ್ತು. “ಮಾವ, ಅದರಿಂದ ನನಗೆ ಗುಣವಾದರೆ ನನ್ನ ಮಗಳಿಗೂ ಗುಣವೇ?” ಅಲ್ಲ. ಸೇರಿಸಿದ ಓಲೆ ಅವನ ರಕ್ತದ ಕೋಶಗಳಲ್ಲಿರುತ್ತದೆ. ಬೀಜದಲ್ಲಿ ಹಳೆಯ, ಮಗುಚಿದ ಪ್ರತಿಯೇ ಇರುತ್ತದೆ. ಅವನ ಮೈ ಗುಣವಾದರೂ ಮಗಳು ಅದನ್ನು ಹೊತ್ತೇ ಹುಟ್ಟುತ್ತಾಳೆ. ಮುಂದಿನ ಸಂತತಿಗಳನ್ನೂ ತಿದ್ದುವುದಕ್ಕೆ ನಮ್ಮ ದೇಶದ ನಿಯಮಗಳಲ್ಲಿ ಒಪ್ಪಿಗೆಯಿಲ್ಲ. ಕೇಳಲು ಬಾಯಿಲ್ಲದವರ ಓಲೆಗೆ ಕೈಹಾಕುವ ಮೊದಲು ಹಾಗೆ ಹಿಂದೆಗೆಯುವುದು ನ್ಯಾಯವೆಂದೇ ನನಗೂ ತೋರುತ್ತದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವಳಿಗೆ ನಾನೇ ಹೇಳಬೇಕು” ಎಂದನು.

ಆ ಮಾತು ಕೇಳಿದ ಮೇಲೆ ಈ ಬೇಸಗೆಯಲ್ಲಿ ನಾನು ನಮ್ಮ ವಂಶಾವಳಿಯನ್ನು ಹೊಸದಾಗಿ ಬರೆದೆ. ತಾಯಿ ನೆನಪಿನಿಂದ ಹೇಳುತ್ತ ಹೋದಳು. ಸೋದರಮಾವನ ಹೆಸರು, ಅವನು ಸತ್ತ ವರ್ಷ, ಅದರ ಕಾರಣ; ಅಜ್ಜಿಯ ಹೆಸರು, ಅದರ ಪಕ್ಕದಲ್ಲಿ ಅವಳ ಗಂಡನದು; ಅಜ್ಜಿಯ ತಾಯಿಯದು, ಅವಳ ಗಂಡನದೂ ಹೇಗೋ ಸಿಕ್ಕಿತು. ರೋಗ ಹೊತ್ತವರ ಗುರುತಿಗೆ ಒಂದು ಚಿಕ್ಕ ಚುಕ್ಕೆ. ಅದು ದೋಷದ ಚುಕ್ಕೆಯಲ್ಲವೆಂದು ಕೆಳಗೆ ಬರೆದಿಟ್ಟೆ. ಅಕ್ಕನ ಹಿರಿಯ ಮಗಳ ಹೆಸರಿನ ಮುಂದೆ ಜಾಗ ಖಾಲಿಯಿದೆ. ಅವಳಿಗೆ ಹದಿನೇಳು. ಹೊರುವ ಹೆಣ್ಣಿಗೂ ಕೆಲವೊಮ್ಮೆ ರಕ್ತ ನಿಲ್ಲುವುದು ತಡವಾಗುತ್ತದೆ. ಆದ್ದರಿಂದ ಪರೀಕ್ಷೆ ಬರಿಯ ಮದುವೆಯ ಮಾತಲ್ಲ, ಅವಳ ಸ್ವಂತ ಆರೋಗ್ಯದ ಮಾತು. ಬರುವ ವರ್ಷ ತಾನೇ ಹೋಗಿ ಮಾಡಿಸಿಕೊಳ್ಳುವೆನೆಂದು ಅವಳು ಹೇಳಿದ್ದಾಳೆ. ಆ ಜಾಗವನ್ನು ತುಂಬುವುದೋ ಬಿಡುವುದೋ ಅವಳ ಇಷ್ಟ. ಮನೆಯಲ್ಲಿ ಈ ಸಂಗತಿಯನ್ನು ಊಟದ ಹೊತ್ತಿನಲ್ಲಿ, ದನಿ ತಗ್ಗಿಸದೆ ಆಡುವುದು ನಮ್ಮಲ್ಲಿ ಇದೇ ಮೊದಲು. ಇದಕ್ಕೆ ವೆಲ್ಲೂರಿಗೆ ಹೋಗಬೇಕಾಗಲಿಲ್ಲ, ಖರ್ಚೂ ಇಲ್ಲ.

ಅಳಿಯನಿಗೆ ೨೦೩೦ರಲ್ಲಿ ಹದಿನೆಂಟು ತುಂಬುತ್ತದೆ. ಆ ಹೊತ್ತಿಗೆ ವೆಲ್ಲೂರಿನ ಆ ಐವರನ್ನು ವೈದ್ಯರು ಇನ್ನೂ ಗಮನಿಸುತ್ತಲೇ ಇರುತ್ತಾರೆ. ಹೊಸ ಹೆಪ್ಪು ಎಷ್ಟು ಕಾಲ ಹುಳಿಯಾಗದೆ ನಿಂತಿತೆಂಬುದು ಈಗಿನದಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ. ಆಗ ಚಿಕಿತ್ಸೆಗೆ ಹೊರಡಬೇಕೋ, ಚುಚ್ಚುಮದ್ದಿನಲ್ಲೇ ಮುಂದುವರಿಯಬೇಕೋ ಎಂಬುದನ್ನು ಅವನು ಓದಿ, ಕೇಳಿ, ತಾನೇ ತೀರ್ಮಾನಿಸಲಿ. ಅಲ್ಲಿಯವರೆಗೆ ವಾರಕ್ಕೆ ಮೂರು ಬೆಳಿಗ್ಗೆ, ಕಾಲೇಜಿಗೆ ಹೊರಡುವ ಮುನ್ನ, ಸೀಸೆಯ ಪುಡಿಯನ್ನು ಕಲಸಿ ಅವನ ಕೈಯ ನಾಳವನ್ನು ಹುಡುಕುವುದು ಮಾವನ ಪಾಲಿನ ಕೆಲಸ.